ಪಾಯಖಾನೆ ಚಿಲಕ ಮತ್ತು ಎಸ್‌ಡಿಎಂಸಿ ಮೀಟಿಂಗು: ಶಾಲೆಯ ಬಗ್ಗೆ ಮಕ್ಕಳನ್ನೇ ಕೇಳಿದವರು ಯಾರಾದರೂ ಇದ್ದೀರಾ?

ಭೀಮಾತೀರದ ಅಪ್ಪ (ಜೇವರ್ಗಿ ಕಡೆ)

ಎಲ್ಲರಿಗೂ ಶರಣು.

ನಾನು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಊರಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆ, ನಲ್ಲಿ, ಪೈಪು, ಚಿಲಕ ಮಾರುತ್ತೇನೆ. ಚಿಲಕದ ಮಾತು ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ.

ಹೋದ ತಿಂಗಳು ಮೀಟಿಂಗ್ ಇತ್ತು. ಶಾಲಾ ಅನುದಾನದ ದುಡ್ಡು ಹೇಗೆ ಖರ್ಚು ಮಾಡೋದು ಅಂತ ಚರ್ಚೆ. ನಮ್ಮಲ್ಲಿ 140 ಮಕ್ಕಳು. ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. ಒಂದೂವರೆ ತಾಸು ಮಾತಾಡಿದೆವು. ಗೇಟಿಗೆ ಬಣ್ಣ, ಹೊಸ ನಾಮಫಲಕ, ಧ್ವಜಕಟ್ಟೆಗೆ ಟೈಲ್ಸ್, ಆಫೀಸಿಗೆ ಎರಡು ಕುರ್ಚಿ. ಚಹಾ ಕುಡಿದೆವು, ಠರಾವು ಪುಸ್ತಕಕ್ಕೆ ಸಹಿ ಹಾಕಿದೆವು, ಮನೆಗೆ ಬಂದೆವು.

ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದಳು. ಏಳನೇ ಕ್ಲಾಸು ಅವಳು.

"ಅಪ್ಪಾ, ಮೀಟಿಂಗ್‌ನಾಗ ಪಾಯಖಾನಿ ಚಿಲಕದ್ದು ಹೇಳಿದೇನು?"

"ಯಾವ ಚಿಲಕ?"

ಹುಡುಗಿಯರ ಪಾಯಖಾನೆಯ ಚಿಲಕ ಮಳೆಗಾಲದಲ್ಲೇ ಮುರಿದಿದೆಯಂತೆ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ನಿಂತು ಬಾಗಿಲು ಹಿಡಿಯಬೇಕು. ಜೊತೆಗೆ ಗೆಳತಿ ಇಲ್ಲ ಅಂದರೆ ಹೋಗೋದೇ ಇಲ್ಲ. ಹೋಗೋದು ಬೇಡ ಅಂತ ಸಂಜೆವರೆಗೂ ನೀರೇ ಕುಡಿಯೋದಿಲ್ಲ. ಇದು ಶಾಲೆಯ ಪ್ರತಿಯೊಬ್ಬ ಹುಡುಗಿಗೂ ಗೊತ್ತು. ನನಗೆ ಗೊತ್ತಿಲ್ಲ. ನನ್ನ ಅಂಗಡಿಯಲ್ಲಿ ಅದೇ ಚಿಲಕ ಡಬ್ಬಿಗಟ್ಟಲೆ ಬಿದ್ದಿವೆ. ಒಂದಕ್ಕೆ ಎಂಬತ್ತು ರೂಪಾಯಿ.

ಮರುದಿನ ಬೆಳಿಗ್ಗೆ ಡ್ರಿಲ್ ತಗೊಂಡು ಹೋಗಿ ಹಾಕಿ ಬಂದೆ. ಹತ್ತು ನಿಮಿಷದ ಕೆಲಸ. ಆದರೆ ಅವತ್ತಿಂದ ಒಂದೇ ಯೋಚನೆ. ಇಂಥವು ಇನ್ನೂ ಎಷ್ಟಿವೆ? ಮಗಳು ಬಾಯಿ ಬಿಡದಿದ್ದರೆ ನಾವು ಗೇಟಿಗೆ ಬಣ್ಣ ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದೆವು, ಅಲ್ವಾ?

ಮುಂದಿನ ಮೀಟಿಂಗಿಗೆ ನಾಲ್ಕು ಮಕ್ಕಳನ್ನು ಕೂರಿಸೋಣ ಅಂದೆ. "ಹುಡುಗ್ರು ಏನ್ ಕೇಳ್ತಾವ? ಕ್ರಿಕೆಟ್ ಬ್ಯಾಟ್ ಕೇಳ್ತಾವ" ಅಂತ ಒಬ್ಬರು ನಕ್ಕರು. ಹಂಗೆ ಪದ್ಧತಿ ಇಲ್ಲ ಅಂತ ಇನ್ನೊಬ್ಬರು. ನಾನು ಹುಡುಕಿ ಓದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಕೇಂದ್ರದ 2010ರ ಮಾದರಿ ನಿಯಮದಲ್ಲಿ ಉಳಿದ ಕಾಲು ಭಾಗದ ಒಂದು ಪಾಲಿಗೆ ಊರಿನ ಶಿಕ್ಷಣ ತಜ್ಞರು ಅಥವಾ ಶಾಲೆಯ ಮಕ್ಕಳು ಅಂತಲೇ ಬರೆದಿದೆ. ಅಂದರೆ ಇದು ನನ್ನ ತಲೆಯಲ್ಲಿ ಹುಟ್ಟಿದ ಹುಚ್ಚು ಅಲ್ಲ.

ನಿಮ್ಮ ಕಡೆ ಯಾರಾದರೂ ಮಾಡಿದ್ದೀರಾ? ಹೇಗೆ ಮಾಡಿದಿರಿ? ಎಲ್ಲಿ ಕೆಟ್ಟಿತು?

ನಿರ್ವಾಹಕರು

ಒಂದೇ ಮಾತು. ಶಾಲೆಯ ಹೆಸರು, ಶಿಕ್ಷಕರ ಹೆಸರು, ಮಕ್ಕಳ ಹೆಸರು ಬರೆಯಬೇಡಿ. ಫೋಟೋನೂ ಬೇಡ. ಉಳಿದದ್ದು ಬರೆಯಿರಿ.

ಹಳೇ ಪ್ರಧಾನಿ (ಊರು ಸೇಡಂ ತಾಲ್ಲೂಕು, ಈಗ ಕಲಬುರಗಿಯಲ್ಲಿ ಡಿಗ್ರಿ)

ಅಣ್ಣಾ, ನಾನು ಎಂಟನೇ ಕ್ಲಾಸಲ್ಲಿ ನಮ್ಮ ಶಾಲಾ ಸಂಸತ್ತಿನ ಪ್ರಧಾನ ಮಂತ್ರಿ ಆಗಿದ್ದೆ. ನಗಬೇಡಿ.

ಚುನಾವಣೆ ಅಂದರೆ ಚುನಾವಣೆ. ಮೊಬೈಲ್ ಆ್ಯಪ್‌ನಲ್ಲಿ ಮತದಾನ, ಬೆರಳಿಗೆ ಮಾರ್ಕರ್ ಪೆನ್ನಿನ ಶಾಯಿ, ಬಾಗಿಲಲ್ಲಿ ಸ್ಕೌಟ್ ಹುಡುಗರ ಬಂದೋಬಸ್ತು. ಗೆದ್ದ ದಿನ ಪ್ರಮಾಣ ವಚನ. ಆಹಾರ ಮಂತ್ರಿ, ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ ಎಲ್ಲ ಇದ್ದರು. ವಾಟ್ಸ್‌ಆ್ಯಪ್‌ಗೆ ಫೋಟೋ ಹೋಯಿತು. ಅಲ್ಲಿಗೆ ಮುಗೀತು.

ಆಮೇಲೆ ನನ್ನ ಕೆಲಸ ಏನು ಅಂದರೆ ಪ್ರಾರ್ಥನೆಗೆ ಸಾಲು ನಿಲ್ಲಿಸೋದು. ಸಾಹೇಬರು ಬಂದರೆ ಹೂಗುಚ್ಛ ಕೊಡೋದು. ಒಂದು ಸಲ ಮಾತ್ರ ಬಾಯಿ ತೆರೆದೆ. ಕುಡಿಯೋ ನೀರಿನ ಸಿಂಟೆಕ್ಸ್ ತೊಳೆದು ವರ್ಷ ಆಯ್ತು ಸರ್, ಹುಳ ಬರುತ್ತಿವೆ ಅಂದೆ. "ಪ್ರಧಾನಿ ನೀನೇ ಅಲ್ವಾ, ನೀನೇ ತೊಳಸು" ಅಂದರು. ನಾವು ಐದು ಹುಡುಗರು ಮಾಳಿಗೆ ಹತ್ತಿ ತೊಳೆದೆವು. ಸೆಕೆಗೆ ತಲೆ ಸುತ್ತಿ ಒಬ್ಬ ಕೂತೇ ಬಿಟ್ಟ. ಕೇಳಿದವನ ಕೊರಳಿಗೇ ಕೆಲಸ ಕಟ್ಟಿದರೆ ಎರಡನೇ ಸಲ ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲ.

ಮಕ್ಕಳನ್ನು ಮೀಟಿಂಗಿಗೆ ಕೂರಿಸಿ, ಬೇಡ ಅನ್ನಲ್ಲ. ಆದರೆ ಹೂಗುಚ್ಛಕ್ಕೆ ಅಂತ ಕೂರಿಸಬೇಡಿ.

ಲೆಕ್ಕದ ಮನುಷ್ಯ (ಕಲಬುರಗಿ)

ಕೋಪ ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಯಾದಗಿರಿ ಕೊನೆ, ಶೇ 50.59. 2025ರಲ್ಲಿ ಕಲಬುರಗಿ ಕೊನೆ, ಶೇ 42.43. ಅದೇ ವರ್ಷ ದಕ್ಷಿಣ ಕನ್ನಡ ಶೇ 91.12. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಫೇಲ್ ಆಗುವ ಜಿಲ್ಲೆಯಲ್ಲಿ ನಾವು ಸಂಸತ್ತು, ಸಭೆ, ಚೀಟಿ ಅಂತ ಕೂತಿದ್ದೇವೆ. ಮಕ್ಕಳು ಮೊದಲು ಓದಲಿ. ಅಭಿಪ್ರಾಯ ಆಮೇಲೆ ಹೇಳಲಿ. ಮಂಗಳೂರಿನವರು ಮೀಟಿಂಗ್ ಮಾಡಿ ಪಾಸಾದರೇನು?

ಕರಿಹಲಗೆ (ಶಿಕ್ಷಕಿ, ಚಿಂಚೋಳಿ ತಾಲ್ಲೂಕು)

ನಾನು ಇನ್ನೊಂದು ಕಡೆಯಿಂದ ಬರೆಯುತ್ತೇನೆ. ಚಿಲಕದ ಕಥೆ ಓದಿ ನನಗೂ ನಾಚಿಕೆ ಆಯಿತು. ನಮ್ಮ ಶಾಲೆಯಲ್ಲೂ ಇಂಥದ್ದು ಇದ್ದೇ ಇರುತ್ತದೆ.

ಆದರೆ ನಮ್ಮ ಭಯವನ್ನೂ ಕೇಳಿ. ಊರಲ್ಲಿ ಎರಡು ಪಾರ್ಟಿ ಇರುತ್ತವೆ. ಒಂದು ಪಾರ್ಟಿಯವರು ಎಸ್‌ಡಿಎಂಸಿಯಲ್ಲಿ, ಇನ್ನೊಂದು ಪಾರ್ಟಿಯವರು ಹೊರಗೆ. ಮಗು ಬಾಯಲ್ಲಿ ಒಂದು ಮಾತು ಹೊರಟರೆ ಅದು ಮಗುವಿನದಾಗಿ ಉಳಿಯೋದಿಲ್ಲ. ಹಿಂದೆ ನಾನಿದ್ದ ಶಾಲೆಯಲ್ಲಿ ಒಬ್ಬ ಹುಡುಗ ಸಭೆಯಲ್ಲಿ ಎದ್ದು "ಸರ್ ಕ್ಲಾಸಿಗೆ ಬರೋದಿಲ್ಲ" ಅಂದ. ಆ ಸರ್ ಅವತ್ತು ಜನಗಣತಿ ತರಬೇತಿಯೋ ಚುನಾವಣೆ ಕೆಲಸವೋ, ಯಾವುದೋ ಡ್ಯೂಟಿಯಲ್ಲಿದ್ದರು. ಊರಲ್ಲಿ ದೊಡ್ಡ ಗದ್ದಲ. ಹುಡುಗನಿಗೆ ಆ ಮಾತು ಹೇಳಿಕೊಟ್ಟವರು ಯಾರು ಅಂತ ನಮಗೆಲ್ಲ ಗೊತ್ತಿತ್ತು. ಒಂದು ವಾರ ಅವನು ಶಾಲೆಗೇ ಬರಲಿಲ್ಲ. ಪೆಟ್ಟು ಬಿದ್ದದ್ದು ಕೊನೆಗೆ ಅವನಿಗೇ.

ಇನ್ನೊಂದು. ನಮ್ಮಲ್ಲಿ ಐದು ತರಗತಿಗೆ ಇಬ್ಬರು ಕಾಯಂ, ಒಬ್ಬರು ಅತಿಥಿ ಶಿಕ್ಷಕರು. ಮಕ್ಕಳು ಇಂಗ್ಲಿಷ್ ಟೀಚರ್ ಬೇಕು ಅನ್ನುತ್ತಾರೆ. ನ್ಯಾಯವೇ. ನಾನು ಎಲ್ಲಿಂದ ತರಲಿ? ಪ್ರತಿ ಸಲ "ಮೇಲಕ್ಕೆ ಬರೆದಿದ್ದೇವೆ" ಅಂತ ಹೇಳಿ ಹೇಳಿ ನನಗೇ ಸಾಕಾಗಿದೆ.

ಒಂಬತ್ತನೇ ಕ್ಲಾಸು (ಗುರುಮಠಕಲ್ ಕಡೆ)

ನಾನು ನಮ್ಮ ಅಣ್ಣನ ಫೋನಿಂದ ಬರೆಯುತ್ತಿದ್ದೇನೆ. ಲೆಕ್ಕದ ಕಾಕಾ ಅವರಿಗೆ ಒಂದು ಮಾತು.

ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ ಒಂದೇ ಬಸ್. ಅದು ಮುಟ್ಟೋದು ಹತ್ತೂ ಇಪ್ಪತ್ತಕ್ಕೆ. ಅಷ್ಟೊತ್ತಿಗೆ ಮೊದಲ ಪೀರಿಯಡ್ ಅರ್ಧ ಮುಗಿದಿರುತ್ತದೆ. ಮೊದಲ ಪೀರಿಯಡ್ ಗಣಿತ. ಆ ಬಸ್ಸಲ್ಲಿ ಬರುವವರು ನಾವು ಹನ್ನೊಂದು ಹುಡುಗಿಯರು. ವರ್ಷವಿಡೀ ನಮಗೆ ಅರ್ಧ ಗಣಿತವೇ ಸಿಕ್ಕಿದೆ. ತಡವಾಗಿ ಬಂದಿದ್ದಕ್ಕೆ ಹತ್ತು ನಿಮಿಷ ಹೊರಗೆ ನಿಲ್ಲಿಸುತ್ತಾರೆ, ಅದೂ ಹೋಯಿತು. ಕಿರುಪರೀಕ್ಷೆಯಲ್ಲಿ ನಾವು ಹನ್ನೊಂದೂ ಮಂದಿ ಗಣಿತದಲ್ಲೇ ಫೇಲ್.

ಡ್ರಾಯಿಂಗ್ ಪೀರಿಯಡ್ ಮಧ್ಯಾಹ್ನ ಇದೆ. ಅದನ್ನು ಬೆಳಿಗ್ಗೆ ಹಾಕಿ ಗಣಿತ ಮಧ್ಯಾಹ್ನಕ್ಕೆ ಹಾಕಿದರೆ ಆಗಲ್ವಾ? ಇದನ್ನು ಯಾರಿಗೆ ಹೇಳಬೇಕು ಅಂತ ನಮಗೆ ಗೊತ್ತಿಲ್ಲ. ಕೇಳಿದವರೂ ಇಲ್ಲ.

ಲೆಕ್ಕದ ಮನುಷ್ಯ

ಮಗಳೇ, ಇದನ್ನು ನಿನ್ನ ಗಣಿತದ ಸರ್‌ಗೇ ಹೇಳಬಹುದಿತ್ತಲ್ಲ?

ಒಂಬತ್ತನೇ ಕ್ಲಾಸು

ಹೊರಗೆ ನಿಲ್ಲಿಸುವವರು ಅವರೇ ಕಾಕಾ.

ಕರಿಹಲಗೆ

ತಂಗಿ, ವೇಳಾಪಟ್ಟಿ ಬದಲಾಯಿಸೋಕೆ ಬೆಂಗಳೂರಿಂದ ಆದೇಶ ಬರಬೇಕಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಹೋಗಬೇಕಿಲ್ಲ. ಮುಖ್ಯ ಶಿಕ್ಷಕರು ಮತ್ತು ಇಬ್ಬರು ವಿಷಯ ಶಿಕ್ಷಕರು ಕೂತರೆ ಅರ್ಧ ತಾಸಿನ ಕೆಲಸ. ನೀವು ಹನ್ನೊಂದು ಜನರೂ ಒಂದೇ ಕಾಗದದಲ್ಲಿ ಸಹಿ ಹಾಕಿ ಕೊಡಿ. ಬಸ್ ಬರುವ ಹೊತ್ತು ಬರೆಯಿರಿ. ಯಾವ ಯಾವ ದಿನ ಎಷ್ಟು ಹೊತ್ತಿಗೆ ಬಂತು ಅಂತ ಎರಡು ವಾರದ ಲೆಕ್ಕ ಇಟ್ಟು ಜೊತೆಗೆ ಕೊಟ್ಟರೆ ಇನ್ನೂ ಒಳ್ಳೆಯದು. ಯಾರನ್ನೂ ದೂರಬೇಡಿ. ಬಸ್ ತಡ, ನಮಗೆ ಗಣಿತ ಬೇಕು, ಅಷ್ಟೇ.

ಮತ್ತೆ ಲೆಕ್ಕದ ಮನುಷ್ಯರೇ, ನಿಮ್ಮ ಶೇ 42.43ರೊಳಗೆ ಇಂಥ ಎಷ್ಟು ಬಸ್ಸುಗಳಿವೆಯೋ ಯಾರಿಗೆ ಗೊತ್ತು.

ಪಂಚಾಯ್ತಿ ಕಟ್ಟೆ (ಭಾಲ್ಕಿ, ಮಾಜಿ ಸದಸ್ಯ)

ನಾನು ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯ ಆಗಿದ್ದೆ. ಮೂರು ಮಕ್ಕಳ ಗ್ರಾಮಸಭೆ ನೋಡಿದ್ದೇನೆ. ಗೊತ್ತಿಲ್ಲದವರಿಗೆ: ನಮ್ಮ ರಾಜ್ಯದಲ್ಲಿ ವರ್ಷಕ್ಕೊಂದು ಸಲ, ಸಾಮಾನ್ಯವಾಗಿ ನವೆಂಬರ್ ಆಸುಪಾಸು, ಪ್ರತಿ ಗ್ರಾಮ ಪಂಚಾಯಿತಿ ಮಕ್ಕಳಿಗೇ ಅಂತ ಗ್ರಾಮಸಭೆ ಕರೆಯಬೇಕು. ಮಕ್ಕಳು ಕೇಳುತ್ತಾರೆ, ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಬೇರೆ ಬೇರೆ ಇಲಾಖೆಯವರು ಉತ್ತರ ಕೊಡಬೇಕು.

ಮೊದಲನೆಯದರಲ್ಲಿ ಏನಾಯಿತು ಗೊತ್ತಾ? ಶಾಮಿಯಾನ, ಸ್ವಾಗತ ಗೀತೆ, ಗಣ್ಯರ ಭಾಷಣ. ಒಂದೂವರೆ ತಾಸು ಹಿರಿಯರ ಮಾತೇ ಆಯಿತು. ಕೊನೆಗೆ ಐದು ಮಕ್ಕಳು ಚೀಟಿ ನೋಡಿ ಪ್ರಶ್ನೆ ಓದಿದರು. ಆ ಚೀಟಿ ಬರೆದುಕೊಟ್ಟವರು ಗುರುಗಳು. ಬಿಸ್ಕೀಟು, ಫ್ರೂಟಿ, ಫೋಟೋ. ಸಭೆ ಬರಖಾಸ್ತು.

ಮೂರನೆಯದರಲ್ಲಿ ನಮ್ಮ ಪಿಡಿಒ ಒಬ್ಬರು ಹೊಸದಾಗಿ ಬಂದಿದ್ದರು. ಅವರು ಮೈಕ್ ಹಿಡಿದ ಕೂಡಲೇ ಹೋದ ವರ್ಷದ ಪುಸ್ತಕ ತೆಗೆದರು. "ಹೋದ ವರ್ಷ ನೀವು ಒಂಬತ್ತು ಕೇಳಿದ್ದೀರಿ. ನಾಲ್ಕು ಮಾಡಿದ್ದೇವೆ. ಎರಡು ನಮ್ಮ ಕೈಯಲ್ಲಿಲ್ಲ, ಯಾರ ಕೈಯಲ್ಲಿದೆ ಅಂತ ಹೇಳುತ್ತೇನೆ. ಮೂರು ಮಾಡಬಹುದಿತ್ತು, ಮಾಡಿಲ್ಲ, ತಪ್ಪು ನಮ್ಮದು." ಇಡೀ ಸಭೆ ಸದ್ದಿಲ್ಲದೆ ಕೂತಿತು. ಆಮೇಲೆ ಕೈಗಳು ಎದ್ದವು ನೋಡಿ! ಚೀಟಿ ಇಲ್ಲದೆ, ಹೇಳಿಕೊಟ್ಟಿದ್ದಲ್ಲದೆ. ಒಬ್ಬ ಪುಟ್ಟ ಹುಡುಗ ಎದ್ದು, ಶಾಲೆ ಹಿಂದಿನ ಹಾಳು ಬಾವಿಗೆ ಮುಚ್ಚಳ ಇಲ್ಲ, ಚೆಂಡು ಬಿದ್ದರೆ ದೊಡ್ಡ ಹುಡುಗರು ಇಳಿಯುತ್ತಾರೆ ಅಂದ. ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ದುಡ್ಡಿನ ಮಾತು. 15ನೇ ಹಣಕಾಸು ಆಯೋಗದ ಅವಧಿಯಲ್ಲಿ (2021–26) ಪಂಚಾಯಿತಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಾಗಿತ್ತು. ಶಾಲೆಯ ನೀರು, ಪಾಯಖಾನೆಗೆ ಇದನ್ನು ಕೇಳಬಹುದಿತ್ತು. ನರೇಗಾದಲ್ಲಿ ನಾವು ಶಾಲೆ ಕಾಂಪೌಂಡು ಮಾಡಿದ್ದೇವೆ. ಆದರೆ ಕ್ರಿಯಾ ಯೋಜನೆ ಬರೆಯುವ ಮೊದಲು ಬೇಡಿಕೆ ಟೇಬಲ್ ಮೇಲೆ ಇರಬೇಕು. ಯೋಜನೆ ಮುಗಿದ ಮೇಲೆ ಮಕ್ಕಳನ್ನು ಕೇಳಿದರೆ ಮುಂದಿನ ವರ್ಷ ಅನ್ನೋದೇ ಉತ್ತರ.

ಮಲ್ಲಿಗೆ ಚಪ್ಪರ (ಯಾದಗಿರಿ, ಮಕ್ಕಳ ಜೊತೆ ಕೆಲಸ)

ಪಂಚಾಯ್ತಿ ಕಟ್ಟೆಯವರು ಹೇಳಿದ ಆ ಪಿಡಿಒ ಕಥೆಗೆ ನನ್ನ ನೂರು ಅಂಕ. ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಇದೇ. ಮಕ್ಕಳನ್ನು ಕೇಳೋದು ಸುಲಭ. ಕೇಳಿದ ಮೇಲೆ ತಿರುಗಿ ಬಂದು ಏನಾಯ್ತು ಅಂತ ಹೇಳೋದು ಕಷ್ಟ. ಆಗಲ್ಲ ಅನ್ನೋದನ್ನೂ ಹೇಳಬೇಕು, ಯಾಕೆ ಆಗಲ್ಲ ಅಂತಲೂ ಹೇಳಬೇಕು. ಮಕ್ಕಳು "ಇಲ್ಲ" ಅನ್ನೋದನ್ನು ತಾಳಿಕೊಳ್ಳುತ್ತಾರೆ. ಸುಮ್ನೆ ಬಿಟ್ಟುಬಿಡೋದನ್ನು ತಾಳಿಕೊಳ್ಳೋದಿಲ್ಲ.

ರೋಜರ್ ಹಾರ್ಟ್ ಅನ್ನುವವರು 1992ರಲ್ಲಿ ಯುನಿಸೆಫ್‌ಗಾಗಿ ಮಕ್ಕಳ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲ ಏಣಿ ಬರೆದರು. ಕೆಳಗಿನ ಮೂರು ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ ಅನ್ನುತ್ತಾರೆ ಅವರು. ಬೇಕಾದಂತೆ ಆಡಿಸೋದು, ಅಲಂಕಾರಕ್ಕೆ ನಿಲ್ಲಿಸೋದು, ನೆಪಕ್ಕೆ ಕೂರಿಸೋದು. ಹಳೇ ಪ್ರಧಾನಿ ಹೂಗುಚ್ಛ ಹಿಡಿದು ನಿಂತದ್ದು ಎರಡನೇ ಮೆಟ್ಟಿಲು! ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯಲ್ಲೂ ಇದೇ ಇದೆ. ಮಗು ಹೇಳಿದ್ದಕ್ಕೆ ತೂಕ ಕೊಡಬೇಕು ಅಂತ. ಭಾರತ ಅದಕ್ಕೆ 1992ರಲ್ಲೇ ಒಪ್ಪಿದೆ.

ಈಗ ಒಂದು ಗಂಭೀರ ವಿಷಯ. ಮಕ್ಕಳು ತಮ್ಮ ಮಾತು ಬರೆದು ಹಾಕಲಿ ಅಂತ ಶಾಲೆಯಲ್ಲಿ ಚೀಟಿ ಪೆಟ್ಟಿಗೆ ಇಡುವವರು ದಯವಿಟ್ಟು ಇದನ್ನು ಓದಿ. ನೂರು ಚೀಟಿಯಲ್ಲಿ ತೊಂಬತ್ತೊಂಬತ್ತು ನೀರು, ಚೆಂಡು, ಸಾರಿನ ಮಾತೇ ಇರುತ್ತದೆ. ಒಂದರಲ್ಲಿ "ಅವರು ಮೈ ಮುಟ್ಟುತ್ತಾರೆ" ಅಂತ ಇರಬಹುದು. ಆ ಚೀಟಿಯನ್ನು ಸಭೆಯಲ್ಲಿ ಜೋರಾಗಿ ಓದಿಬಿಟ್ಟರೆ ಆ ಮಗುವಿನ ಗತಿ ಏನು? ಅದಕ್ಕೆ ಪೆಟ್ಟಿಗೆಯ ಬೀಗದ ಕೈ ಒಬ್ಬರ ಹತ್ತಿರವೇ ಇರಬಾರದು. ತೆಗೆಯುವಾಗ ಇಬ್ಬರಾದರೂ ಇರಬೇಕು, ಒಬ್ಬರು ಹೆಂಗಸಾಗಿರಬೇಕು. ಮೊದಲು ಒಳಗೆ ಓದಿ, ಆಮೇಲೆ ಹೊರಗೆ ಹೇಳಬೇಕು. ಅಂಥ ಚೀಟಿ ಬಂದರೆ ಊರ ಪಂಚರನ್ನು ಕೂರಿಸಿ ರಾಜಿ ಮಾಡಿಸಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಲ್ಲಿ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರೋದೇ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ದಾರಿ ಹೇಳುತ್ತಾರೆ. ಕರಿಹಲಗೆ ಮೇಡಂ ಹೇಳಿದ ಹೊಡೆತದ ವಿಷಯವೂ ಅಷ್ಟೇ. ಹೊಡೆಯೋದು, ಹೀಯಾಳಿಸೋದು ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ.

ಕರಿಹಲಗೆ

ನಾನು ಹೊಡೆತದ ವಿಷಯ ಹೇಳಿಲ್ಲ ಮೇಡಂ. ಆ ಹುಡುಗನಿಗೆ ಮನೆಯಲ್ಲಿ ಬಿದ್ದದ್ದು.

ಮಲ್ಲಿಗೆ ಚಪ್ಪರ

ಕ್ಷಮಿಸಿ, ನಾನು ತಪ್ಪಾಗಿ ಓದಿದೆ.

ತಾಂಡಾದ ಹುಡುಗ (ಆಳಂದ ತಾಲ್ಲೂಕು, ಅತಿಥಿ ಶಿಕ್ಷಕ)

ಎಲ್ಲರೂ ಮಕ್ಕಳು ಮಕ್ಕಳು ಅನ್ನುತ್ತಿದ್ದೀರಿ. ಯಾವ ಮಕ್ಕಳು?

ನಾನು ಓದುವಾಗ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಎರಡನೇ ಕ್ಲಾಸಿನವರೆಗೂ "ಸರ್, ಹೊರಗೆ ಹೋಗ್ಲಾ" ಅನ್ನೋದನ್ನು ಬಿಟ್ಟು ಬೇರೆ ಮಾತು ನನ್ನ ಬಾಯಿಂದ ಬಂದಿಲ್ಲ. ಅವತ್ತು ಯಾರಾದರೂ ಸಭೆ ಮಾಡಿ ನಿನ್ನ ಅಭಿಪ್ರಾಯ ಏನು ಅಂತ ಮೈಕ್ ಕೊಟ್ಟಿದ್ದರೆ ಅತ್ತುಬಿಡುತ್ತಿದ್ದೆ. ಬೀದರ್ ಕಡೆ ಮರಾಠಿ ಮನೆಯ ಮಕ್ಕಳು, ಸೇಡಂ, ಗುರುಮಠಕಲ್ ಕಡೆ ತೆಲುಗು ಮನೆಯ ಮಕ್ಕಳು, ಎಲ್ಲರದ್ದೂ ಇದೇ. ಮಾತಾಡುವವರು ಯಾರು ಅಂದರೆ ಮುಂದಿನ ಬೆಂಚಿನವರು. ಗೌಡರ ಮಗ, ಮಾಸ್ತರ ಮಗಳು, ಫಸ್ಟ್ ರ್‍ಯಾಂಕ್ ಬರುವವರು. ನಾಯಕ ಅಂತ ಆರಿಸಿ ಬರುವವರೂ ಅವರೇ.

ನಾನು ಈಗ ಮಾಡುತ್ತಿರುವುದು ಒಂದಿದೆ. ಮಾತು ಕೇಳೋದಿಲ್ಲ. ಶಾಲೆಯ ನಕ್ಷೆ ಬರೆಸುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ, ದೊಡ್ಡದಾಗಿ. ಇಷ್ಟವಾದ ಜಾಗಕ್ಕೆ ಹುಣಸೆ ಬೀಜ ಇಡಿ, ಹೆದರಿಕೆ ಆಗುವ ಜಾಗಕ್ಕೆ ಕಲ್ಲು ಇಡಿ ಅನ್ನುತ್ತೇನೆ. ಒಂದನೇ ಕ್ಲಾಸಿನವರೂ ಇಡುತ್ತಾರೆ. ಮೊದಲ ಸಲ ಮಾಡಿದಾಗ ಕಲ್ಲು ಜಾಸ್ತಿ ಬಿದ್ದದ್ದು ಎಲ್ಲಿ ಅಂತೀರಿ? ನಾವು ಪಾಯಖಾನೆ ಅಂದುಕೊಂಡಿದ್ದೆವು. ಅಲ್ಲ, ಅಡುಗೆ ಕೋಣೆಯ ಹಿಂದಿನ ಓಣಿ. ಅಲ್ಲಿ ನಾಯಿ ಮರಿ ಹಾಕಿತ್ತು. ಕೈ ತೊಳೆಯುವ ನಲ್ಲಿ ಇರುವುದೂ ಅಲ್ಲೇ. ಸಣ್ಣ ಮಕ್ಕಳು ಕೈ ತೊಳೆಯದೆ ಊಟ ಮಾಡುತ್ತಿದ್ದದ್ದು ಸೋಮಾರಿತನಕ್ಕಲ್ಲ.

ಹತ್ತಿ ಸಾಲು (ಶಹಾಪುರ)

ಆ ಬೀಜದ ಆಟ ನನಗೆ ಬಹಳ ಹಿಡಿಸಿತು ತಮ್ಮಾ.

ನಾನು ಇಬ್ಬರು ಮಕ್ಕಳ ತಾಯಿ. ಎಸ್‌ಡಿಎಂಸಿಯಲ್ಲಿ ನನ್ನ ಹೆಸರು ಇದೆ. ಹೆಂಗಸರು ಅರ್ಧ ಇರಬೇಕು ಅಂತ ಹೆಸರು ಬರೆಸಿದರು. ಸಹಿ ಮಾಡಿಸೋಕೆ ಪುಸ್ತಕ ಮನೆಗೇ ಬರುತ್ತದೆ. ಹಾಗಾಗಿ ಮಕ್ಕಳ ದನಿ ಅಂದಾಗ ನನಗೆ ಸ್ವಲ್ಪ ನಗು ಬಂತು. ನಮ್ಮ ದನಿಯೇ ಇನ್ನೂ ಹೊರಟಿಲ್ಲ.

ನಮ್ಮ ಕಡೆ ಹತ್ತಿ ಬಿಡಿಸುವ ಹಂಗಾಮು ಬಂದರೆ ಕ್ಲಾಸು ಖಾಲಿ. ಆಮೇಲೆ ಮೆಣಸಿನಕಾಯಿ. ಅದಕ್ಕೂ ಮುಂದೆ ಗುಳೆ. ಪುಣೆ, ಮುಂಬೈ, ಬೆಂಗಳೂರಿಗೆ ಹೋಗುವವರ ಜೊತೆ ಮಕ್ಕಳೂ ಹೋಗುತ್ತಾರೆ. ತಿರುಗಿ ಬಂದಾಗ ಪಾಠ ಎಲ್ಲೋ ಹೋಗಿರುತ್ತದೆ, ಹುಡುಗ ಎಲ್ಲೋ ಇರುತ್ತಾನೆ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಸಾಕ್ಷರತೆಯಲ್ಲಿ ರಾಜ್ಯಕ್ಕೇ ಕೊನೆ, ಶೇ 51.83. ಅದನ್ನು ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಬಿಟ್ಟು ಹೋಗಿ ಬಂದ ಹುಡುಗನನ್ನು ಕೂರಿಸಿ, ನಿನಗೆ ಏನು ಮಾಡಿದರೆ ಮತ್ತೆ ಕೂರೋಕೆ ಆಗುತ್ತದೆ ಅಂತ ಕೇಳಿದವರನ್ನು ನಾನು ನೋಡಿಲ್ಲ.

ನನ್ನ ಅಕ್ಕನ ಮಗನನ್ನು ನಾನು ಕೇಳಿದೆ. "ಚಿಗವ್ವ, ನನ್ನ ಎಲ್ಲರ ಮುಂದ ಎಬ್ಬಿಸಿ ಓದು ಅನ್ನಬ್ಯಾಡ ಅಂತ ಹೇಳು, ಸಾಕು" ಅಂದ. ಅಷ್ಟೇ ಅವನ ಬೇಡಿಕೆ. ದುಡ್ಡು ಕೇಳಿಲ್ಲ, ಟ್ಯಾಬ್ ಕೇಳಿಲ್ಲ. ನಾನು ಹೋಗಿ ಟೀಚರ್‌ಗೆ ಹೇಳಿದೆ. ಅವರು ಪಾಪ ಒಳ್ಳೆಯವರು, ತಕ್ಷಣ ಒಪ್ಪಿದರು. ಈಗ ಮಧ್ಯಾಹ್ನ ಊಟ ಆದ ಮೇಲೆ ಬೇರೆಯಾಗಿ ಹತ್ತು ನಿಮಿಷ ಓದಿಸುತ್ತಾರೆ.

ಪಂಚಾಯ್ತಿ ಕಟ್ಟೆ

ಅಕ್ಕಾ, ಮುಂದಿನ ಸಲ ಪುಸ್ತಕ ಮನೆಗೆ ಬಂದರೆ ಸಹಿ ಮಾಡಬೇಡಿ. "ನಾಳೆ ಬಂದು ಅಲ್ಲೇ ಮಾಡ್ತೀನಿ" ಅನ್ನಿ. ನೋಡಿ ಆಗ ಹೇಗೆ ಕುರ್ಚಿ ಹಾಕುತ್ತಾರೆ!

ಹಳೇ ಪ್ರಧಾನಿ

ಮೊಟ್ಟೆ ವಿಷಯ ಯಾರೂ ಎತ್ತಲಿಲ್ಲವಲ್ಲ. ಬಿಸಿಯೂಟ 2002ರ ಜೂನ್‌ನಲ್ಲಿ ಮೊದಲು ಶುರುವಾದದ್ದೇ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. ಮೊಟ್ಟೆಯೂ ಹಾಗೇ, 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಮೊದಲು ಕೊಟ್ಟರು. ಕೊಡಬಾರದು ಅಂತ ದೊಡ್ಡವರು ಟಿವಿಯಲ್ಲಿ ಕೂಗಾಡಿದರು. ಆಗ ಗಂಗಾವತಿ ಕಡೆ ಶಾಲಾ ಮಕ್ಕಳು ನಮಗೆ ಮೊಟ್ಟೆ ಬೇಕು ಅಂತ ಎದ್ದು ನಿಂತು ಹೇಳಿದ್ದು ರಾಜ್ಯದ ತುಂಬ ಹರಿದಾಡಿತು. ಬೇಡದವರಿಗೆ ಬಾಳೆಹಣ್ಣು. ಯಾರಿಗೆ ಯಾವುದು ಅಂತ ಮಕ್ಕಳನ್ನೇ ಕೇಳಿ ಪಟ್ಟಿ ಮಾಡಿದರು. ಯೋಚನೆ ಮಾಡಿ ನೋಡಿ, ಶಾಲೆಯಲ್ಲಿ ಮಗುವನ್ನು ನಿನಗೇನು ಬೇಕು ಅಂತ ಕೇಳಿ, ಕೇಳಿದ್ದನ್ನೇ ಕೊಟ್ಟದ್ದು ಅದೊಂದೇ ಇರಬೇಕು.

ಲೆಕ್ಕದ ಮನುಷ್ಯ

ಒಂಬತ್ತನೇ ಕ್ಲಾಸಿನ ಹುಡುಗಿ ಬರೆದದ್ದು ಎರಡು ದಿನದಿಂದ ತಲೆಯಲ್ಲಿ ಕೂತಿದೆ. ನಾನು ಇಪ್ಪತ್ತು ವರ್ಷದಿಂದ ಟ್ಯೂಷನ್ ನಡೆಸುತ್ತಿದ್ದೇನೆ. ಯಾಕೆ ಫೇಲ್ ಆದೆ ಅಂತ ಮಕ್ಕಳನ್ನು ಬೈದಿದ್ದೇನೆ ಹೊರತು ಕೇಳಿಲ್ಲ. ಬೈಯೋದೂ ಕೇಳೋದೂ ವಾಕ್ಯದಲ್ಲಿ ಒಂದೇ ಥರ ಇರುತ್ತವೆ ನೋಡಿ. ಆದರೂ ನನ್ನ ಮಾತು ಪೂರ್ತಿ ಬಿಟ್ಟುಕೊಡಲ್ಲ. ಶಿಕ್ಷಕರ ಹುದ್ದೆ ಖಾಲಿ ಇದ್ದರೆ ಚೀಟಿ ಬರೆದು ತುಂಬೋದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ಇಷ್ಟು ವರ್ಷ ಆಯಿತು, ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಗೆ ಕೋಟಿಗಟ್ಟಲೆ ಬರುತ್ತದೆ. ಅದನ್ನು ಕೇಳಬೇಕಾದವರು ನಾವು, ಮಕ್ಕಳಲ್ಲ. ಅದನ್ನೂ ಮಕ್ಕಳ ಹೆಗಲಿಗೆ ಹಾಕಬೇಡಿ.

ಕರಿಹಲಗೆ

ಇದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ.

ಭೀಮಾತೀರದ ಅಪ್ಪ

ಎಲ್ಲರಿಗೂ ದೊಡ್ಡ ಶರಣು. ಐದು ವಾರ ಆಯಿತು. ಏನಾಯಿತು ಅಂತ ಬರೆಯುತ್ತೇನೆ, ತಿರುಗಿ ಬಂದು ಹೇಳಬೇಕು ಅಂತ ನೀವೇ ಅಂದಿದ್ದೀರಲ್ಲ.

ತಾಂಡಾದ ತಮ್ಮನ ನಕ್ಷೆ ಆಟ ಮಾಡಿದೆವು. ನಮ್ಮಲ್ಲಿ ಹುಣಸೆ ಬೀಜ ಸಿಗಲಿಲ್ಲ, ತೊಗರಿ ಕಾಳು ಇಟ್ಟೆವು. ಕೋಳಿ ಬಂದು ಅರ್ಧ ತಿಂದವು. ಇರಲಿ. ಮುಖ್ಯ ಗುರುಗಳು ಮೊದಲು ದೂರವೇ ನಿಂತಿದ್ದರು. ಆಮೇಲೆ ಅವರೂ ಒಂದು ಕಲ್ಲು ಇಟ್ಟರು, ಆಫೀಸಿನ ಸೋರುವ ಮೂಲೆಗೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಪುಸ್ತಕ ಒಂದು ಮಾಡಿದ್ದೇವೆ. ಸಾದಾ ಇನ್ನೂರು ಪುಟದ್ದು. ಎಡಗಡೆ ಮಕ್ಕಳು ಕೇಳಿದ್ದು, ಬಲಗಡೆ ನಮ್ಮ ಉತ್ತರ. ಪ್ರತಿ ತಿಂಗಳ ಮೀಟಿಂಗ್ ಆದ ಮರುದಿನ ಪ್ರಾರ್ಥನೆ ಹೊತ್ತಲ್ಲಿ ಅದನ್ನು ಓದಬೇಕು. ಈ ತಿಂಗಳು ನಾನೇ ಓದಿದೆ. ಕೈ ನಡುಗಿತು, ಸುಳ್ಳಲ್ಲ.

ಹದಿನೇಳು ಬೇಡಿಕೆ ಇದ್ದವು. ಬ್ಯಾಟ್ ಕೇಳುತ್ತಾರೆ ಅಂದಿದ್ದರಲ್ಲ, ಕೇಳಿದರು. ಒಂದೇ ಒಂದು, ಅದೂ ಹುಡುಗಿಯರು ಕೇಳಿದ್ದು, ಹುಡುಗರು ನಮಗೆ ಕೊಡೋದಿಲ್ಲ ಅಂತ. ತಂದೆವು. ನಲ್ಲಿ ಒಂದು ರಿಪೇರಿ. ಊಟದ ಸಾಲಲ್ಲಿ ಸಣ್ಣವರನ್ನು ಮೊದಲು ಬಿಡಬೇಕು ಅಂದಿದ್ದರು, ಅವತ್ತೇ ಆಯಿತು. ಸಾರು ನೀರು ನೀರು ಅಂತ ಆರು ಕಡೆ ಬಂತು. ಅಡುಗೆ ಅಕ್ಕ ಬಹಳ ನೊಂದುಕೊಂಡರು. ಕೊನೆಗೆ ಗೊತ್ತಾದದ್ದು, ಬೇಳೆ ಕಡಿಮೆ ಅಲ್ಲ, ನೀರು ಬರೋದು ತಡ, ಬೇಳೆ ಬೇಯೋಕೆ ಹೊತ್ತೇ ಸಾಲದು. ಪಂಚಾಯಿತಿಯ ನೀರು ಬಿಡುವವನಿಗೆ ಹೇಳಿ ಬೆಳಿಗ್ಗೆ ಶಾಲೆ ಲೈನು ಮೊದಲು ಬಿಡಿಸಿದ್ದೇವೆ. ನಾಲ್ಕು ದಿನ ಬಿಟ್ಟ, ಐದನೇ ದಿನ ಮರೆತ. ದಿನಾ ಫೋನ್ ಮಾಡುತ್ತಿದ್ದೇನೆ.

ಇಂಗ್ಲಿಷ್ ಟೀಚರ್‌ಗೆ ಬಲಗಡೆ "ಇಲ್ಲ. ನಮ್ಮ ಕೈಯಲ್ಲಿಲ್ಲ. ಅರ್ಜಿಯ ಪ್ರತಿ ಇಲ್ಲಿ ಅಂಟಿಸಿದೆ" ಅಂತ ಬರೆದೆವು. ಒಬ್ಬ ಹುಡುಗ ಪುಸ್ತಕ ತಿರುವಿ ಅರ್ಜಿಯ ತಾರೀಖು ನೋಡಿ "ಇದು ಹೋದ ವಾರದ್ದ ಅದಲ್ರಿ, ಇಷ್ಟ ದಿನ ಕೊಟ್ಟಿದ್ದಿಲ್ಲೇನು?" ಅಂದ. ಗುರುಗಳು ನನ್ನ ಮುಖ ನೋಡಿದರು, ನಾನು ಧ್ವಜಕಟ್ಟೆ ನೋಡಿದೆ.

ಗೇಟಿನ ಬಣ್ಣ ಮುಂದಕ್ಕೆ ಹಾಕಿದ್ದೇವೆ. ಒಬ್ಬ ಸದಸ್ಯರು ಇನ್ನೂ ಸಿಟ್ಟಲ್ಲಿದ್ದಾರೆ.

ಮತ್ತೆ ಚಿಲಕ. ಹದಿನೇಳರಲ್ಲಿ ಕೊನೆಯದು ಒಂದು ಚಿತ್ರ. ಅಕ್ಷರ ಇಲ್ಲ. ಒಂದು ಬಾಗಿಲು, ಅದರ ಮೇಲ್ತುದಿಯಲ್ಲಿ ಒಂದು ಗೆರೆ, ಕೆಳಗೆ ಕೈ ಎತ್ತಿ ನಿಂತ ಪುಟ್ಟ ಹುಡುಗಿ. ಏನು ಅಂತ ನಮಗೆ ಹೊಳೆಯಲಿಲ್ಲ. ಮಗಳೇ ನೋಡಿ ನಕ್ಕಳು. ನಾನು ಹೀರೋ ಥರ ಹೋಗಿ ಹಾಕಿ ಬಂದ ಚಿಲಕ ನನ್ನ ಎದೆಯ ಎತ್ತರಕ್ಕಿದೆ. ಒಂದನೇ, ಎರಡನೇ ಕ್ಲಾಸಿನವರಿಗೆ ಎಟುಕೋದಿಲ್ಲ. ಅವರು ಈಗಲೂ ಗೆಳತಿಯ ಕೈಯಲ್ಲೇ ಬಾಗಿಲು ಹಿಡಿಸುತ್ತಿದ್ದರು.

ಮೊನ್ನೆ ಮತ್ತೆ ಡ್ರಿಲ್ ತಗೊಂಡು ಹೋದೆ. ಎಲ್ಲಿ ಹಾಕಲಿ ಅಂತ ಕೇಳಿದೆ. ಚಿತ್ರ ಬರೆದ ಹುಡುಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಕೈ ಚಾಚಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದಳು.

ಒಂಬತ್ತನೇ ಕ್ಲಾಸು

ಕಾಕಾ, ನಾವೂ ಕಾಗದ ಕೊಟ್ಟಿದ್ದೇವೆ. ಸೋಮವಾರ ಹೇಳುತ್ತೇವೆ ಅಂದಿದ್ದಾರೆ.